ಬತ್ತಿದ ಕೆರೆಗೂ ಒಂದು ಹೆಸರು

2023ರ ನವೆಂಬರ್ ತಿಂಗಳ ಒಂದು ಸಂಜೆ. ನಾಗಮಂಗಲ ತಾಲ್ಲೂಕಿನ ನನ್ನ ಹುಟ್ಟೂರಿನ ಕೆರೆಯಂಗಳದಲ್ಲಿ ಹದಿನೈದಿಪ್ಪತ್ತು ಮಕ್ಕಳನ್ನು ಸೇರಿಸಿಕೊಂಡು ದೂರದರ್ಶಕವನ್ನು ನಿಲ್ಲಿಸಿದ್ದೆ. ನಿವೃತ್ತಿಯ ಹಣದಲ್ಲಿ ಕೊಂಡ ಆರು ಇಂಚಿನ ಸಾಧಾರಣ ದೂರದರ್ಶಕ ಅದು. ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದ್ದ ವರ್ಷ. ಆಕಾಶ ನೋಡುವುದಕ್ಕೆ ಕೆರೆಯಂಗಳಕ್ಕಿಂತ ಒಳ್ಳೆಯ ಜಾಗ ನಮ್ಮೂರಿನಲ್ಲಿ ಬೇರೆ ಇಲ್ಲ. ಮರಗಳ ಅಡ್ಡಿ ಇಲ್ಲ, ಬೀದಿ ದೀಪದ ಕಾಟ ಇಲ್ಲ, ಏರಿಯ ಮೇಲೆ ಮಕ್ಕಳು ಸಾಲಾಗಿ ಕುಳಿತುಕೊಳ್ಳಬಹುದು. ಇಷ್ಟೆಲ್ಲ ಅನುಕೂಲ ಒದಗಿರುವುದು ಕೆರೆಯಲ್ಲಿ ನೀರಿಲ್ಲದ್ದರಿಂದ ಎಂಬುದನ್ನು ಮಾತ್ರ ಆ ಸಂಜೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ದಕ್ಷಿಣ ದಿಕ್ಕಿನಲ್ಲಿ ಕುಂಭ ರಾಶಿಯ ನಡುವೆ ಶನಿಗ್ರಹವಿತ್ತು. ಬಳೆಯನ್ನು ಕಂಡು ಮಕ್ಕಳು ಕೂಗಿದರು. ಬಳೆಯಿಂದ ಸ್ವಲ್ಪ ದೂರದಲ್ಲಿ ಮಸುಕಾದ ಒಂದು ಚುಕ್ಕೆಯನ್ನು ತೋರಿಸಿ, ಅದು ಶನಿಯ ಅತಿ ದೊಡ್ಡ ಚಂದ್ರ ಟೈಟಾನ್ ಎಂದೆ. ಅಲ್ಲಿ ಮಳೆ ಬರುತ್ತದೆ, ಹೊಳೆ ಹರಿಯುತ್ತದೆ, ಕೆರೆಗಳಿವೆ, ಬತ್ತಿಹೋದ ಕೆರೆಗಳೂ ಇವೆ ಎಂದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ದೂರದರ್ಶಕದಿಂದ ಕಣ್ಣು ತೆಗೆಯದೆಯೇ ಕೇಳಿದಳು: ‘ಸಾರ್, ಬತ್ತೋಗಿರೋದು ಕೆರೆ ಅಂತ ಅವ್ರಿಗೆ ಹೆಂಗ್ ಗೊತ್ತಾಯ್ತು?’ ನಾನು ಉತ್ತರಿಸುವಷ್ಟರಲ್ಲಿ, ಆಡು ಹೊಡೆದುಕೊಂಡು ಮನೆಗೆ ಹೊರಟಿದ್ದ ಹಿರಿಯರೊಬ್ಬರು ನಿಂತು ನಕ್ಕರು. ‘ಅದಿರ್ಲಿ ಮೇಷ್ಟ್ರೇ, ಇದು ಕೆರೆ ಅಂತ ಈ ಮಕ್ಳಿಗೆ ಗೊತ್ತಾ? ಜಾಲಿಬಯಲು ಅಂತವಲ್ಲ ಇವು.’

ಅವರ ಮಾತು ನಿಜವಾಗಿತ್ತು. ಗ್ರಾಮನಕ್ಷೆಯಲ್ಲಿ ‘ದೊಡ್ಡಕೆರೆ’ ಎಂದು ನಮೂದಾಗಿರುವ ಜಾಗವನ್ನು ಇಂದಿನ ಹುಡುಗರು ಜಾಲಿಬಯಲು ಎನ್ನುತ್ತಾರೆ. ಅವರು ಹುಟ್ಟಿದ ಮೇಲೆ ಅದು ತುಂಬಿದ್ದೇ ಇಲ್ಲ. ಹುಡುಗಿಯ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ಅವಸರದ್ದಾಗಿತ್ತು. ಹಿರಿಯರ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ. ಎರಡಕ್ಕೂ ಒಟ್ಟಿಗೆ ಉತ್ತರ ಹುಡುಕುವ ಪ್ರಯತ್ನ ಈ ಲೇಖನ.

ಟೈಟಾನ್ ನಮಗೆ ಹೊಸದಲ್ಲ. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಅದನ್ನು 1655ರಲ್ಲಿಯೇ ಕಂಡಿದ್ದ. ಅದಕ್ಕೆ ವಾಯುಮಂಡಲವಿದೆ, ಅದರಲ್ಲಿ ಮೀಥೇನ್ ಇದೆ ಎಂದು 1944ರಲ್ಲಿ ಜೆರಾರ್ಡ್ ಕೈಪರ್ ತೋರಿಸಿಕೊಟ್ಟರು. 1980ರಲ್ಲಿ ವಾಯೇಜರ್–1 ಸಮೀಪ ಹಾದುಹೋದಾಗ ಕಂಡದ್ದು ಕಿತ್ತಳೆ ಬಣ್ಣದ ದಟ್ಟ ಮಂಜು ಮಾತ್ರ. 1997ರಲ್ಲಿ ಭೂಮಿಯಿಂದ ಹೊರಟ ಕ್ಯಾಸಿನಿ ನೌಕೆ 2004ರಲ್ಲಿ ಶನಿಯನ್ನು ತಲುಪಿ, 2017ರ ಸೆಪ್ಟೆಂಬರ್‌ನಲ್ಲಿ ಆ ಗ್ರಹದೊಳಕ್ಕೇ ಬಿದ್ದು ಅಂತ್ಯ ಕಾಣುವವರೆಗೆ ನೂರಕ್ಕೂ ಹೆಚ್ಚು ಸಲ ಟೈಟಾನಿನ ಸಮೀಪ ಹಾದುಹೋಯಿತು. ಅದರ ಜೊತೆಯಲ್ಲಿ ಹೋಗಿದ್ದ ಹೈಗೆನ್ಸ್ ಎಂಬ ಪುಟ್ಟ ಶೋಧಕ 2005ರ ಜನವರಿ 14ರಂದು, ನಮ್ಮ ಕಡೆ ಸಂಕ್ರಾಂತಿಯ ಸಡಗರದ ದಿನ, ಆ ನೆಲದ ಮೇಲೆ ಇಳಿಯಿತು. ಅದು ಕಳುಹಿಸಿದ ಚಿತ್ರದಲ್ಲಿ ಕಂಡದ್ದು ಹರಿವಿನಲ್ಲಿ ಉರುಳಿ ನುಣುಪಾದ ಗುಂಡುಕಲ್ಲುಗಳು ಮತ್ತು ಒಣಗಿದ ಹಳ್ಳದ ಪಾತ್ರ. ಕಲ್ಲುಗಳೆಂದರೆ ಶಿಲೆಯಲ್ಲ, ಬಂಡೆಯಷ್ಟೇ ಗಟ್ಟಿಯಾದ ನೀರ್ಗಲ್ಲು. ಶೋಧಕದ ಶಾಖಕ್ಕೆ ನೆಲದೊಳಗಿಂದ ಮೀಥೇನ್ ಆವಿಯಾಗಿ ಎದ್ದಿತು. ಮೇಲೆ ಒಣಗಿದಂತೆ ಕಂಡ ನೆಲ ಒಳಗೆ ತೇವವಾಗಿತ್ತು.

ಬುಧಗ್ರಹಕ್ಕಿಂತಲೂ ದೊಡ್ಡದಾದ ಈ ಚಂದ್ರನ ಮೇಲ್ಮೈ ಉಷ್ಣತೆ ಸೊನ್ನೆಗಿಂತ ಸುಮಾರು 179 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಅಲ್ಲಿ ನೀರು ಕಲ್ಲಾಗಿರುತ್ತದೆ, ಭೂಮಿಯಲ್ಲಿ ಅನಿಲವಾಗಿರುವ ಮೀಥೇನ್ ಮತ್ತು ಈಥೇನ್ ದ್ರವವಾಗಿರುತ್ತವೆ. ಮೀಥೇನ್ ಆವಿಯಾಗಿ ಮೇಲೇರುತ್ತದೆ, ಮೋಡವಾಗುತ್ತದೆ, ಮಳೆಯಾಗಿ ಸುರಿದು ಹಳ್ಳ ಕೊರೆದು ತಗ್ಗಿನಲ್ಲಿ ನಿಲ್ಲುತ್ತದೆ. ಮೈಮೇಲೆ ನಿಂತ ದ್ರವದ ಕೆರೆಕುಂಟೆಗಳು ಭೂಮಿಯನ್ನು ಬಿಟ್ಟರೆ ಸೌರಮಂಡಲದಲ್ಲಿ ನಮಗೆ ತಿಳಿದಿರುವುದು ಅಲ್ಲಿ ಮಾತ್ರ. 2006ರ ಜುಲೈನಲ್ಲಿ ಕ್ಯಾಸಿನಿಯ ರೇಡಾರ್ ಟೈಟಾನಿನ ಉತ್ತರ ಧ್ರುವದ ಬಳಿ ಇಂಥ ಹತ್ತಾರು ಕೆರೆಗಳನ್ನು ಗುರುತಿಸಿತು. ಅವುಗಳ ನಡುವೆಯೇ, ಅದೇ ಆಕಾರದ, ಅದೇ ಬಗೆಯ ಕಡಿದಾದ ಅಂಚಿನ, ಆದರೆ ಒಳಗೆ ಏನೂ ಇಲ್ಲದ ತಗ್ಗುಗಳಿದ್ದವು.

ಆ ಖಾಲಿ ತಗ್ಗುಗಳು ಕೆರೆಗಳೇ ಎಂದು ಹೇಗೆ ನಿರ್ಧರಿಸಿದರು? ಮೊದಲನೆಯದು ಆಕಾರ. ನಿಂತ ದ್ರವದ ಮೈ ನುಣುಪಾದುದರಿಂದ ರೇಡಾರಿನ ಅಲೆ ಬೇರೆಡೆಗೆ ಜಾರಿ, ಚಿತ್ರದಲ್ಲಿ ಕೆರೆ ಕಪ್ಪಾಗಿ ಕಾಣುತ್ತದೆ. ಖಾಲಿ ತಗ್ಗು ಕಪ್ಪಾಗಿಲ್ಲ, ಆದರೆ ಅಂಚಿನ ರೇಖೆ ಪಕ್ಕದ ತುಂಬಿದ ಕೆರೆಯದರಂತೆಯೇ ಇದೆ. ಎರಡನೆಯದು ತಳದಲ್ಲಿ ಉಳಿದ ಗಸಿ. ಕ್ಯಾಸಿನಿಯ ಅವಕೆಂಪು ಉಪಕರಣಕ್ಕೆ ಕೆಲವು ಖಾಲಿ ತಗ್ಗುಗಳ ತಳ ಮತ್ತು ಅಂಚು ವಿಶೇಷವಾಗಿ ಹೊಳೆಯುತ್ತಿದ್ದುದು ಕಂಡಿತು. ದ್ರವ ಆವಿಯಾಗುವಾಗ ಅದರಲ್ಲಿ ಕರಗಿದ್ದ ವಸ್ತು ಹೆಪ್ಪುಗಟ್ಟಿ ಉಳಿದುದರ ಗುರುತು ಅದು ಎಂಬ ವಾದವನ್ನು ವಿಜ್ಞಾನಿಗಳು 2011ರಲ್ಲಿ ಮುಂದಿಟ್ಟರು. ಬೇಸಿಗೆಯಲ್ಲಿ ನಮ್ಮ ಕಟ್ಟೆಗಳು ಬತ್ತಿದಾಗ ಅಂಚಿನಲ್ಲಿ ಬಿಳಿಯ ಚೌಳು ಪದರ ಕಾಣುವುದಿಲ್ಲವೇ? ಲವಣ ಬೇರೆ, ತತ್ತ್ವ ಅದೇ. ಮೂರನೆಯದು ನೀರ್ದಾರಿ. ಕೆರೆಗಳಿರುವ ಸೀಮೆಯಲ್ಲಿ ಎತ್ತರದಿಂದ ತಗ್ಗಿಗೆ ಇಳಿದುಬರುವ ಹಳ್ಳಗಳ ಜಾಡುಗಳಿವೆ. ಹಿಂದೆ ದ್ರವ ಹರಿದದ್ದಕ್ಕೆ, ಮುಂದೆ ಹರಿಯಬಹುದೆಂಬುದಕ್ಕೆ ಅವೇ ಸಾಕ್ಷಿ.

ನಾಲ್ಕನೆಯ ಸಾಕ್ಷ್ಯ ನನ್ನನ್ನು ಹೆಚ್ಚು ಕಾಡಿದ್ದು. ಕ್ಯಾಸಿನಿ ಅಳೆದ ಎತ್ತರಗಳನ್ನೆಲ್ಲ ಜೋಡಿಸಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಗಮನಾರ್ಹ ಸಂಗತಿಯನ್ನು ಹೇಳಿತು. ಒಂದೇ ಜಲಾನಯನದೊಳಗೆ ನೋಡಿದರೆ, ಖಾಲಿ ಕೆರೆಗಳ ತಳವು ತುಂಬಿದ ಕೆರೆಗಳ ಮಟ್ಟಕ್ಕಿಂತ ಕೆಳಗೆ ಎಲ್ಲಿಯೂ ಇಲ್ಲ. ಅಂದರೆ ಮೇಲೆ ಬೇರೆ ಬೇರೆಯಾಗಿ ಕಾಣುವ ಕೆರೆಗಳು ನೆಲದಡಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ. ಅಡಿಯ ಮಟ್ಟ ಕುಸಿದಾಗ ಎತ್ತರದ ಕೆರೆ ಮೊದಲು ಖಾಲಿಯಾಗುತ್ತದೆ, ತಗ್ಗಿನದು ಕಡೆಗೆ. ಬತ್ತಿದ ಕೆರೆಯು ಸತ್ತ ಕೆರೆಯಲ್ಲ, ಇಡೀ ಸೀಮೆಯ ಅಂತರ್ದ್ರವದ ಮಟ್ಟವನ್ನು ತೋರಿಸುವ ಅಳತೆಗೋಲು.

ಇದನ್ನು ಓದುವಾಗ ನನ್ನ ಕಣ್ಣಿಗೆ ಕಟ್ಟಿದ್ದು ಶ್ರೀರಂಗಪಟ್ಟಣದಿಂದ ನಾಗಮಂಗಲಕ್ಕೆ ಹೋಗುವ ದಾರಿ. ಮೂವತ್ತೈದು ವರ್ಷಗಳ ಅಧ್ಯಾಪಕ ವೃತ್ತಿಯಲ್ಲಿ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಪಾಠ ಹೇಳಿದ್ದೇನೆ. ಕಾವೇರಿ ಬಳಸಿ ಹರಿಯುವ ಶ್ರೀರಂಗಪಟ್ಟಣದಲ್ಲಿ ಒಡೆಯರ ಕಾಲದ ಕಟ್ಟೆ ನಾಲೆಗಳು ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ. ಪಾಂಡವಪುರದವರೆಗೆ ಕಬ್ಬು ಭತ್ತದ ಹಸಿರು ಜೊತೆಗಿರುತ್ತದೆ. ಬಸ್ಸು ಮೇಲುಕೋಟೆಯ ಬೆಟ್ಟಸಾಲನ್ನು ದಾಟುತ್ತಿದ್ದಂತೆ ಆ ಹಸಿರು ತೆಳುವಾಗುತ್ತದೆ. ರಾಗಿ, ಹುರುಳಿ, ತೆಂಗಿನ ಸೀಮೆ ಎದುರಾಗುತ್ತದೆ. ಕೃಷ್ಣರಾಜಪೇಟೆಯ ಒಂದು ಮಗ್ಗುಲಿಗೆ ಹೇಮಾವತಿ ಹರಿಯುತ್ತದೆ, ಹೊಳೆಗೆ ಅಡ್ಡಲಾಗಿ ಹೇಮಗಿರಿ ಮತ್ತು ಮಂದಗೆರೆಯ ಅಣೆಕಟ್ಟೆಗಳಿವೆ. ಇನ್ನೊಂದು ಮಗ್ಗುಲು ಒಣನೆಲ. ಈ ನಾಲ್ಕರಲ್ಲಿ ಹೆಚ್ಚು ಮಟ್ಟಿಗೆ ಮಳೆಯನ್ನೂ ಕೆರೆಯನ್ನೂ ನಂಬಿಕೊಂಡದ್ದು ನಾಗಮಂಗಲ. ನೆಲದಡಿಯ ಮಟ್ಟ ಕುಸಿದಾಗ ಮೊದಲು ಬತ್ತಿದ್ದು ನಮ್ಮ ಎತ್ತರದ ಕೆರೆಗಳು.

ಟೈಟಾನಿಗೂ ನಾಗಮಂಗಲಕ್ಕೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಮರೆಮಾಚಬಾರದು. ಅಲ್ಲಿ ಕೆರೆ ಬತ್ತಿದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಶನಿಗೆ ಒಂದು ವರ್ಷವೆಂದರೆ ನಮಗೆ ಇಪ್ಪತ್ತೊಂಬತ್ತೂವರೆ ವರ್ಷ. ಒಂದೊಂದು ಋತುವೂ ಏಳು ವರ್ಷಕ್ಕೆ ಮೀರಿದ್ದು. ಶನಿಯ ಕಕ್ಷೆ ಪೂರ್ಣ ವೃತ್ತವಲ್ಲವಾದ್ದರಿಂದ ಉತ್ತರ ದಕ್ಷಿಣಗಳ ಬೇಸಿಗೆ ಸಮನಾಗಿಲ್ಲ. ಹತ್ತಾರು ಸಾವಿರ ವರ್ಷಗಳ ಅವಧಿಯಲ್ಲಿ ಮೀಥೇನ್ ಒಂದು ಧ್ರುವದಿಂದ ಇನ್ನೊಂದಕ್ಕೆ ವಲಸೆ ಹೋಗುತ್ತಿರಬಹುದು, ಈಗ ಉತ್ತರದಲ್ಲಿ ಕೆರೆಗಳು ಹೆಚ್ಚಾಗಿ ದಕ್ಷಿಣದಲ್ಲಿ ವಿರಳವಾಗಿರುವುದಕ್ಕೆ ಅದು ಕಾರಣವಿರಬಹುದು ಎಂದು ವಿಜ್ಞಾನಿಗಳು ತರ್ಕಿಸುತ್ತಾರೆ. ನಮ್ಮ ಕೆರೆ ಬತ್ತುವುದಕ್ಕೆ ಅಷ್ಟು ಕಾಲ ಬೇಕಾಗಲಿಲ್ಲ. ನನ್ನ ಹೈಸ್ಕೂಲಿನ ದಿನಗಳಲ್ಲಿ ಕೋಡಿ ಬಿದ್ದು ಊರವರೆಲ್ಲ ಗಂಗೆಪೂಜೆ ಮಾಡಿದ ಕೆರೆ ನನ್ನ ನಿವೃತ್ತಿಯ ಹೊತ್ತಿಗೆ ಜಾಲಿಬಯಲಾಗಿತ್ತು.

ಇದಕ್ಕೆ ಕಾರಣ ಕೇಳಿದರೆ ಮಳೆ ಕಡಿಮೆಯಾಯಿತು ಎನ್ನುತ್ತೇವೆ. ಬರ ಬಂದದ್ದು ಸುಳ್ಳಲ್ಲ. ಆದರೆ ಬರ ನಮ್ಮ ಅಜ್ಜನ ಕಾಲದಲ್ಲಿಯೂ ಬರುತ್ತಿತ್ತು, ಮರುವರ್ಷ ಕೆರೆ ತುಂಬುತ್ತಿತ್ತು. ಈಗ ಮಳೆ ಬಂದರೂ ತುಂಬುತ್ತಿಲ್ಲ. ನೀರುಗಂಟಿಯ ಕೆಲಸ ನಿಂತು ತೂಬು ಹೂತುಹೋಯಿತು. ವರ್ಷಕ್ಕೊಮ್ಮೆ ಗೋಡು ಹೊಡೆಯುವ ಪದ್ಧತಿ ರಾಸಾಯನಿಕ ಗೊಬ್ಬರ ಬಂದ ಮೇಲೆ ಹೋಯಿತು. ಬಾವಿಗಳ ಬದಲು ಬಂದ ಕೊಳವೆಬಾವಿಗಳು ಆಳಕ್ಕೆ ಇಳಿದಷ್ಟೂ ಕೆರೆಯಡಿಯ ತೇವ ಇಳಿಯಿತು. ಎಲ್ಲಕ್ಕಿಂತ ಮಿಗಿಲಾಗಿ, ನೀರು ಬರುವ ಕಟ್ಟುಕಾಲುವೆಗಳನ್ನು ಹೊಲದವರು ಒಬ್ಬೊಬ್ಬರಾಗಿ ಉತ್ತು ಸೇರಿಸಿಕೊಂಡರು.

‘ಹೊಲದವರು’ ಎಂದು ಮೂರನೆಯವರ ಮೇಲೆ ಹಾಕಿ ಮುಗಿಸುವುದು ಸುಲಭ. ಅವರಲ್ಲಿ ನನ್ನ ತಂದೆಯೂ ಒಬ್ಬರು. ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ ಅವರು ನಮ್ಮ ಹೊಲದ ಮಗ್ಗುಲಿನ ಕಾಲುವೆಯನ್ನು ಎತ್ತಿನ ಹಲುಬೆಯಲ್ಲಿ ಮಟ್ಟಮಾಡಿದಾಗ ನಾನು ಕೆಲಸಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ರಜೆಯಲ್ಲಿ ಊರಿಗೆ ಬಂದವನು ಅದನ್ನು ಕಂಡೆ. ನೀರಿನ ಚಕ್ರವನ್ನು ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿ ಮಕ್ಕಳಿಗೆ ಬೋಧಿಸುತ್ತಿದ್ದ ನಾನು ತುಟಿ ಬಿಚ್ಚಲಿಲ್ಲ. ಮೂರು ಗುಂಟೆಯಷ್ಟು ನೆಲ ಹೆಚ್ಚಿತು. ಅಲ್ಲಿ ಬೆಳೆದ ರಾಗಿಯನ್ನು ನಾನೂ ಉಂಡಿದ್ದೇನೆ.

ಈಗ ಹೆಸರಿನ ವಿಚಾರಕ್ಕೆ ಬರುತ್ತೇನೆ. ಆಕಾಶಕಾಯಗಳ ಮೇಲಿನ ಸ್ಥಳಗಳಿಗೆ ಹೆಸರಿಡುವ ಅಧಿಕಾರ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ್ದು. ಟೈಟಾನಿನ ದೊಡ್ಡ ಕಡಲುಗಳಿಗೆ ‘ಮಾರೆ’ ಎಂದೂ, ತುಂಬಿದ ಕೆರೆಗಳಿಗೆ ‘ಲಾಕಸ್’ ಎಂದೂ ಅದು ವರ್ಗ ಮಾಡಿದೆ. ಬತ್ತಿದ ಕೆರೆಗಳಿಗಾಗಿಯೇ ಒಂದು ಪ್ರತ್ಯೇಕ ವರ್ಗವಿದೆ, ‘ಲಕುನ’. ಭೂಮಿಯ ಮೇಲಿನ ಬತ್ತಿದ, ಅಥವಾ ಆಗೊಮ್ಮೆ ಈಗೊಮ್ಮೆ ಮಾತ್ರ ತುಂಬುವ ಕೆರೆಗಳ ಹೆಸರುಗಳನ್ನು ಅವುಗಳಿಗೆ ಇಡಲಾಗಿದೆ. ಚಿಲಿಯ ಅಟಕಾಮ, ಬೊಲಿವಿಯಾದ ಉಯುನಿ, ಆಸ್ಟ್ರೇಲಿಯಾದ ಐರ್ ಆ ಪಟ್ಟಿಯಲ್ಲಿವೆ. ನಮ್ಮ ದೇಶದ ಹೆಸರೂ ಒಂದಿದೆ: ಕಚ್ಛ್ ಲಕುನ. ಮಳೆಗಾಲದಲ್ಲಿ ಜಲಾವೃತವಾಗಿ ಬೇಸಿಗೆಯಲ್ಲಿ ಉಪ್ಪಿನ ಬಯಲಾಗುವ ಕಚ್ಛದ ರಣದ ಹೆಸರು ಟೈಟಾನಿನ ಉತ್ತರ ಧ್ರುವದ ಬಳಿಯ ಒಂದು ಖಾಲಿ ತಗ್ಗಿಗೆ ಸಂದಿದೆ. ಸೂರ್ಯನಿಂದ ಸುಮಾರು 140 ಕೋಟಿ ಕಿಲೋಮೀಟರ್ ದೂರದಲ್ಲಿ, ಮನುಷ್ಯ ಎಂದೂ ನೀರು ಸೇದದ ಒಂದು ಒಣತಗ್ಗನ್ನು ಕೆರೆಯೆಂದು ದಾಖಲಿಸಿ ಹೆಸರಿಟ್ಟಿದ್ದೇವೆ.

ಲಕುನ ಎಂಬುದು ಲ್ಯಾಟಿನ್ ಪದ. ತಗ್ಗು, ಕುಳಿ, ಖಾಲಿ ಜಾಗ ಎಂಬ ಅರ್ಥಗಳಿವೆ. ಹಳೆಯ ಗ್ರಂಥಗಳನ್ನು ಸಂಪಾದಿಸುವ ವಿದ್ವಾಂಸರು ಇದೇ ಪದವನ್ನು ಇನ್ನೊಂದು ಅರ್ಥದಲ್ಲಿ ಬಳಸುತ್ತಾರೆ. ಓಲೆಗರಿ ಮುರಿದು ಅಥವಾ ಹುಳು ತಿಂದು ಪಾಠ ನಷ್ಟವಾದ ಜಾಗವೇ ಲಕುನ. ನಮ್ಮ ಪಂಡಿತರು ಅದನ್ನು ಗ್ರಂಥಪಾತ ಎನ್ನುತ್ತಾರೆ. ಅಕ್ಷರ ಅಳಿದಿದೆಯೆಂದು ಒಳ್ಳೆಯ ಸಂಪಾದಕ ಹಿಂದಿನ ಪದವನ್ನೂ ಮುಂದಿನ ಪದವನ್ನೂ ತಂದು ಅಂಟಿಸಿಬಿಡುವುದಿಲ್ಲ. ಅಲ್ಲಿ ಚುಕ್ಕೆಗಳನ್ನಿಟ್ಟು ಜಾಗ ಬಿಡುತ್ತಾನೆ. ಇಲ್ಲಿ ಏನೋ ಇತ್ತು, ಮುಂದೆ ಬೇರೊಂದು ಪ್ರತಿ ಸಿಕ್ಕರೆ ತುಂಬಬಹುದು ಎಂಬ ವಿನಯ ಆ ಚುಕ್ಕೆಗಳಲ್ಲಿದೆ.

ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಆವೃತ್ತಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳು ಆರನೆಯ ಸಂಪುಟದಲ್ಲಿಯೂ, ನಾಗಮಂಗಲದವು ಏಳನೆಯ ಸಂಪುಟದಲ್ಲಿಯೂ ಇವೆ. ಅವುಗಳ ಪುಟಗಳಲ್ಲಿ ಸವೆದ ಅಕ್ಷರಗಳ ಜಾಗದಲ್ಲಿ ಇಂಥ ಚುಕ್ಕೆಗಳ ಸಾಲುಗಳನ್ನು ಕಾಣುತ್ತೇವೆ. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಭೂಮಿ ಬಿಟ್ಟ ‘ಕಟ್ಟುಕೊಡಗೆ’, ಕೆರೆಯ ನಿರ್ವಹಣೆಗೆಂದು ಬಿಟ್ಟ ‘ಬಿತ್ತುವಟ್ಟ’ ಎಂಬ ಮಾತುಗಳು ಕನ್ನಡ ಶಾಸನಗಳಲ್ಲಿ ಸಾಮಾನ್ಯ. ಕೆರೆಯೆಂದರೆ ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ, ವರ್ಷವರ್ಷವೂ ನಡೆಸಿಕೊಂಡು ಹೋಗುವ ಕಾರ್ಯ ಎಂಬ ತಿಳಿವಳಿಕೆ ಎಂಟುನೂರು ವರ್ಷಗಳ ಹಿಂದೆ ಇಲ್ಲಿತ್ತು. ಕಿಕ್ಕೇರಿಯ ಬ್ರಹ್ಮೇಶ್ವರ, ಹೊಸಹೊಳಲಿನ ಲಕ್ಷ್ಮೀನಾರಾಯಣ, ನಾಗಮಂಗಲದ ಸೌಮ್ಯಕೇಶವ ದೇಗುಲಗಳನ್ನು ನೋಡಲು ಬರುವವರು ಶಿಲ್ಪವನ್ನು ಮೆಚ್ಚಿ ಹೋಗುತ್ತಾರೆ. ಆ ಶಿಲ್ಪಿಗಳಿಗೆ ಅನ್ನ ಹಾಕಿದ ಅಚ್ಚುಕಟ್ಟುಗಳನ್ನು ನೋಡುವವರು ಕಡಿಮೆ.

ಬತ್ತಿದ ಕೆರೆಗೆ ನೀರು ಮರಳುತ್ತದೆಯೇ ಎಂದು ಕೇಳುವವರಿಗೆ ನಾನು ಪಾಂಡವಪುರದ ಪಕ್ಕದ ತೊಣ್ಣೂರನ್ನು ತೋರಿಸುತ್ತೇನೆ. ಎರಡು ಬೆಟ್ಟಗಳ ನಡುವಿನ ಕಿರಿದಾದ ಕಂಡಿಗೆ ಏರಿ ಹಾಕಿ ನಿಲ್ಲಿಸಿದ ಈ ಜಲಾಶಯದ ನಿರ್ಮಾಣವನ್ನು ಜನ ರಾಮಾನುಜಾಚಾರ್ಯರ ಹೆಸರಿನೊಂದಿಗೆ ಸೇರಿಸಿ ಹೇಳುತ್ತಾರೆ. ತಿರುಮಲಸಾಗರ ಅದರ ಹಳೆಯ ಹೆಸರು. 1746ರಲ್ಲಿ ಇಲ್ಲಿಗೆ ಬಂದ ನಾಸಿರ್ ಜಂಗ್ ತಿಳಿನೀರನ್ನು ಕಂಡು ಮೋತಿ ತಲಾಬ್, ಮುತ್ತಿನ ಕೆರೆ, ಎಂದು ಕರೆದ. ಮುಂದೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕುವ ಸೈನ್ಯಕ್ಕೆ ನೀರು ಸಿಗದಿರಲೆಂದು ಟಿಪ್ಪು ಸುಲ್ತಾನ್ ಅದರ ಏರಿಯನ್ನು ಒಡೆಸಿದ. ಮೈಸೂರಿನ ಗೆಜೆಟಿಯರ್ ಬರೆದ ಲೂಯಿಸ್ ರೈಸ್ ಇದನ್ನು ದಾಖಲಿಸಿದ್ದಾರೆ. ಆಗ ತೊಣ್ಣೂರು ಕೆರೆಯೂ ಒಂದು ಲಕುನವೇ. ಆದರೆ ಅದನ್ನು ಬಯಲೆಂದು ಯಾರೂ ಬರೆದುಕೊಳ್ಳಲಿಲ್ಲ. ಏರಿಯನ್ನು ಮತ್ತೆ ಕಟ್ಟಿದರು, ನೀರು ಮರಳಿತು. ಇಂದು ಭಾನುವಾರ ಬಂತೆಂದರೆ ಬೆಂಗಳೂರು ಮೈಸೂರಿನ ಪ್ರವಾಸಿಗರು ಅಲ್ಲಿ ನೆರೆಯುತ್ತಾರೆ.

ಇದಕ್ಕೆ ವಿರುದ್ಧವಾದ ಕಥೆ ಕನ್ನಂಬಾಡಿಯದು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಾಮಗಾರಿಯಿಂದ ಹಳೆಯ ಕನ್ನಂಬಾಡಿ ಊರು ಮುಳುಗಿತು. ಅಲ್ಲಿನ ವೇಣುಗೋಪಾಲಸ್ವಾಮಿ ದೇಗುಲ ಬರಗಾಲದಲ್ಲಿ ಜಲಾಶಯ ಇಳಿದಾಗಲೆಲ್ಲ ತಲೆಯೆತ್ತುತ್ತಿತ್ತು. ಕಡೆಗೆ ಆ ಕಲ್ಲುಗಳನ್ನು ಬಿಡಿಸಿ ತಂದು ಹಿನ್ನೀರಿನ ದಡದಲ್ಲಿ ಮತ್ತೆ ಜೋಡಿಸಿದರು. ನೀರಿನಡಿ ದಶಕಗಳ ಕಾಲ ಇದ್ದರೂ ಊರಿನ ಹೆಸರು ಅಳಿಯಲಿಲ್ಲ, ಅಣೆಕಟ್ಟೆಯನ್ನೇ ಜನ ಇಂದಿಗೂ ಕನ್ನಂಬಾಡಿ ಕಟ್ಟೆ ಎನ್ನುತ್ತಾರೆ. ಹೆಸರು ಉಳಿದಿದ್ದರಿಂದ ಹಕ್ಕು ಉಳಿಯಿತು, ದೇವರನ್ನು ಮರಳಿ ತರಬೇಕೆಂಬ ಹಂಬಲ ಉಳಿಯಿತು.

ನಮ್ಮೂರಿನ ಪ್ರಶ್ನೆ ಇಷ್ಟು ದೊಡ್ಡದಲ್ಲ, ಆದರೆ ನಮಗೆ ಅದೇ ದೊಡ್ಡದು. 2024ರ ಆರಂಭದಲ್ಲಿ ನಡೆದ ಗ್ರಾಮಸಭೆಯಲ್ಲಿ ಕೆರೆಯಂಗಳದ ಒಂದು ಭಾಗವನ್ನು ನಿವೇಶನಗಳಿಗಾಗಿ ಬಿಡಿಸಿಕೊಳ್ಳಬೇಕೆಂಬ ಮಾತು ಬಂತು. ಕೇಳಿದವರು ಭೂಗಳ್ಳರಲ್ಲ. ಒಂದೇ ಕೋಣೆಯಲ್ಲಿ ಮೂರು ಸಂಸಾರ ನಡೆಸುತ್ತಿರುವವರು. ‘ಇಪ್ಪತ್ತೈದು ವರ್ಷದಿಂದ ನೀರಿಲ್ಲದ್ದು ಕೆರೆ ಹೆಂಗಾದದು? ಗೋಮಾಳವೆಲ್ಲ ಉಳ್ಳವ್ರ ಪಾಲಾಯ್ತು, ನಮ್ಗೆ ಉಳಿದಿರೋದು ಇದೊಂದೆ’ ಎಂದು ಒಬ್ಬ ಹೆಣ್ಣುಮಗಳು ಕೇಳಿದಳು. ಆಕೆಯ ಪ್ರಶ್ನೆಗೆ ಟೈಟಾನಿನ ಕಥೆ ಉತ್ತರವಲ್ಲ. ಆಕಾಶದ ಕೆರೆಗೆ ಮರುಗುವವರು ಎದುರಿಗಿರುವ ಮನೆಯಿಲ್ಲದವರಿಗೆ ಮರುಗದಿದ್ದರೆ ಅದು ವಿಜ್ಞಾನವೂ ಅಲ್ಲ, ಮನುಷ್ಯತ್ವವೂ ಅಲ್ಲ.

ಆದರೂ ಕೆರೆಯಂಗಳವನ್ನು ಕೊಡಬಾರದೆಂದೇ ನಾನು ಹೇಳಿದೆ. ಕಾರಣ, ಬತ್ತಿದ ತಗ್ಗು ತಗ್ಗಾಗಿಯೇ ಉಳಿದಿರುತ್ತದೆ. 2010ರ ಸೆಪ್ಟೆಂಬರ್‌ನಲ್ಲಿ ಟೈಟಾನಿನ ಸಮಭಾಜಕದ ಒಣ ಮರಳುದಿಬ್ಬಗಳ ಸೀಮೆಯಲ್ಲಿ ದೊಡ್ಡ ಮೋಡವೊಂದು ಕಾಣಿಸಿಕೊಂಡ ಕೆಲವೇ ವಾರಗಳಲ್ಲಿ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲ ನೆನೆದು ಕಪ್ಪಾದುದನ್ನು ಕ್ಯಾಸಿನಿ ಕಂಡಿತು. ಅಷ್ಟು ದೂರ ಹೋಗಬೇಕಿಲ್ಲ. 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಕೆರೆಗಳು ಉಕ್ಕಿ ಹೊಸ ಬೆಂಗಳೂರು–ಮೈಸೂರು ಹೆದ್ದಾರಿಯೇ ಜಲಾವೃತವಾದುದನ್ನು ಸಭೆಯಲ್ಲಿದ್ದ ಹಲವರು ಕಣ್ಣಾರೆ ಕಂಡಿದ್ದರು. ಕೆರೆಯಂಗಳದಲ್ಲಿ ಬಡವರಿಗೆ ಮನೆ ಕಟ್ಟಿಕೊಡುವುದೆಂದರೆ ಮುಂದಿನ ದೊಡ್ಡ ಮಳೆಯನ್ನು ಅವರ ಹೆಸರಿಗೆ ಬರೆದುಕೊಡುವುದು. ನಿವೇಶನ ಕೊಡಲೇಬೇಕು. ಅದನ್ನು ಉಳ್ಳವರು ಒತ್ತುವರಿ ಮಾಡಿದ ಗೋಮಾಳದಿಂದ ಬಿಡಿಸಿ ಕೊಡಬೇಕು.

ಹೀಗೆ ಹೇಳಿದವನನ್ನು ಸಭೆ ಸುಮ್ಮನೆ ಬಿಡಲಿಲ್ಲ. ‘ನಿಮ್ಮಪ್ಪ ಮುಚ್ಚಿದ ಕಾಲುವೆ ತೆಗೀರಿ ಮೊದ್ಲು’ ಎಂದು ಹಿಂದಿನಿಂದ ಒಬ್ಬರು ಕೂಗಿದರು. ನಲವತ್ತು ವರ್ಷ ಯಾರೂ ಆಡದಿದ್ದ ಆ ಮಾತನ್ನು ಊರು ಮರೆತಿರಲಿಲ್ಲ. ನಾನು ಮರೆತಂತೆ ನಟಿಸಿದ್ದೆ, ಅಷ್ಟೆ.

ಕೆರೆಯೊಂದು ಇನ್ನು ಕೆರೆಯಲ್ಲವೆಂದು ಘೋಷಿಸುವ ಆಸೆ ನಮ್ಮ ಊರಿನದಷ್ಟೇ ಅಲ್ಲ. ಕೆರೆಯ ಸ್ವರೂಪ ಕಳೆದುಕೊಂಡವನ್ನು ದಾಖಲೆಯಿಂದ ಕೈಬಿಡುವ ಪ್ರಸ್ತಾವ 2017ರಲ್ಲಿ ರಾಜ್ಯ ಸರ್ಕಾರದ ಮುಂದೆಯೇ ಬಂದಿತ್ತು. ವ್ಯಾಪಕ ವಿರೋಧದಿಂದ ಅದು ಹಿಂದೆ ಸರಿಯಿತು. ದಾಖಲೆಯಲ್ಲಿ ‘ಸರ್ಕಾರಿ ಕೆರೆ’ ಎಂಬ ಎರಡು ಪದ ಇರುವವರೆಗೆ ಆ ತಗ್ಗಿಗೆ ನೀರು ಕೇಳುವ ಹಕ್ಕಿರುತ್ತದೆ. ಹೇಮಾವತಿ ನಾಲೆಯಿಂದ ಕೆರೆ ತುಂಬಿಸಿ ಎಂದು ಬೇಡುವುದಕ್ಕೂ, ಹೂಳೆತ್ತಿಸಿ ಎಂದು ಅರ್ಜಿ ಹಾಕುವುದಕ್ಕೂ ಆ ಎರಡು ಪದವೇ ಆಧಾರ. ಹೆಸರನ್ನು ಹೊಡೆದು ಹಾಕಿದ ಮೇಲೆ ಮಳೆ ಬಂದರೂ ಅದು ಅತಿಕ್ರಮಣಕಾರನಂತೆ ಬರಬೇಕಾಗುತ್ತದೆ.

ಅದೇ ವರ್ಷ ಮೇ ತಿಂಗಳಲ್ಲಿ ಮೋಜಣಿದಾರರನ್ನು ಕರೆಸಿ ನಮ್ಮ ಹೊಲದ ಗಡಿಯನ್ನು ಅಳೆಸಿದೆ. ಹಳೆಯ ನಕ್ಷೆಯಲ್ಲಿ ಕಾಲುವೆ ಸ್ಪಷ್ಟವಾಗಿಯೇ ಇತ್ತು. ನನ್ನ ತಮ್ಮನಿಗೆ ಇದು ಹಿಡಿಸಲಿಲ್ಲ. ಹೊಲ ಉಳುವವನು ಅವನು, ಭಾಷಣ ಮಾಡುವವನು ನಾನು. ಎರಡು ದಿನ ಮಾತು ಬಿಟ್ಟಿದ್ದವನು ಮೂರನೆಯ ದಿನ ತಾನೇ ಜೆಸಿಬಿ ತಂದು ಕಾಲುವೆ ತೆಗೆಸಿದ. ಮೇಲಿನ ಹೊಲದವರೊಬ್ಬರೂ ತಮ್ಮ ಭಾಗ ಬಿಟ್ಟುಕೊಟ್ಟರು. ಇನ್ನೂ ಒಂಬತ್ತು ಜನ ಬಿಡಬೇಕಿತ್ತು.

2024ರ ಜುಲೈನಲ್ಲಿ ಕೃಷ್ಣರಾಜಸಾಗರ ತುಂಬಿತು. ನಮ್ಮ ಕೆರೆ ತುಂಬಲಿಲ್ಲ. ಹಿಂಗಾರಿನ ಒಂದು ರಾತ್ರಿಯ ಮಳೆಗೆ ನೀರು ನಮ್ಮ ಕಾಲುವೆಯವರೆಗೆ ಬಂದು, ಅಲ್ಲಿಂದ ಮುಂದೆ ದಾರಿ ಕಾಣದೆ ಬೇರೆಯವರ ರಾಗಿ ಹೊಲಕ್ಕೆ ನುಗ್ಗಿತು. ಅದಕ್ಕೂ ನನ್ನನ್ನೇ ಬಯ್ದರು. ತೂಬಿನ ಬಳಿ ಮಾತ್ರ ಮೊಣಕಾಲುದ್ದ ನೀರು ಮೂರು ವಾರ ನಿಂತಿತು. ಎರಡು ಕೊಕ್ಕರೆ ಬಂದಿದ್ದವು. ಆಡು ಮೇಯಿಸುವ ಹಿರಿಯರು ಅದನ್ನು ನೋಡಲೆಂದೇ ದಿನವೂ ಏರಿಯ ಮೇಲೆ ಬಂದು ಕೂರುತ್ತಿದ್ದರು.

ಟೈಟಾನಿಗೆ ಇನ್ನೊಂದು ನೌಕೆ ಹೋಗಲಿದೆ. ಡ್ರಾಗನ್‌ಫ್ಲೈ ಎಂಬ ಆ ಹಾರುಯಂತ್ರವನ್ನು 2028ರ ಜುಲೈನಲ್ಲಿ ಉಡಾಯಿಸಿ 2034ರಲ್ಲಿ ಇಳಿಸುವುದು ನಾಸಾದ ಯೋಜನೆ. ಅದು ಇಳಿಯುವುದು ಕೆರೆಗಳ ಬಳಿಯಲ್ಲ, ಸಮಭಾಜಕದ ಒಣ ಮರಳುದಿಬ್ಬಗಳ ನಡುವೆ. ಆ ಹೊತ್ತಿಗೆ ಅಂದು ಪ್ರಶ್ನೆ ಕೇಳಿದ ಹುಡುಗಿ ಓದು ಮುಗಿಸಿ ಕೆಲಸಕ್ಕೆ ಸೇರಿರುತ್ತಾಳೆ. ಅವಳಿಗೆ ಅಂದು ಕೊಡದ ಉತ್ತರವನ್ನು ಆಮೇಲೆ ಒಂದು ದಿನ ಏರಿಯ ಮೇಲೆ ನಡೆಯುತ್ತಾ ಹೇಳಿದೆ: ಅಂಚನ್ನು ನೋಡು, ತಳದ ಗಸಿ ನೋಡು, ನೀರು ಬಂದ ಜಾಡು ನೋಡು, ಅಕ್ಕಪಕ್ಕದ ಬಾವಿಯ ಮಟ್ಟ ನೋಡು, ನಾಲ್ಕೂ ಒಂದೇ ಮಾತು ಹೇಳಿದರೆ ಅದು ಕೆರೆ.

ಶಾಲೆಯಲ್ಲಿ ಊರಿನ ನಕ್ಷೆ ಬರೆಯಲು ಹೇಳಿದ್ದರಂತೆ. ತಂದು ತೋರಿಸಿದಳು. ದೇವಸ್ಥಾನ, ಶಾಲೆ, ಡೇರಿ, ಬಸ್ ನಿಲ್ದಾಣ ಎಲ್ಲ ಇದ್ದವು. ಊರಿನ ಮೂಡಣಕ್ಕೆ ಒಂದು ದೊಡ್ಡ ಜಾಗವನ್ನು ಬಣ್ಣ ತುಂಬದೆ, ಚುಕ್ಕೆಗಳ ಗೆರೆಯಿಂದ ಸುತ್ತುವರಿದು ಬಿಟ್ಟಿದ್ದಳು. ಅದರೊಳಗೆ ‘ದೊಡ್ಡಕೆರೆ’ ಎಂದು ಬರೆದಿದ್ದಳು. ನಿವೇಶನದ ಪ್ರಸ್ತಾಪವನ್ನು ಸಭೆ ಸದ್ಯಕ್ಕೆ ಮುಂದೂಡಿದೆ. ಒಂಬತ್ತು ಜನರಲ್ಲಿ ನಾಲ್ವರು ಕಾಲುವೆ ಬಿಡಲು ಒಪ್ಪಿದ್ದಾರೆ. ಉಳಿದ ಐವರ ಮನೆಗೆ ಹೋಗುವಾಗ ಆ ನಕ್ಷೆಯನ್ನು ಜೊತೆಯಲ್ಲಿ ಒಯ್ಯುತ್ತಿದ್ದೇನೆ.